ಮ್ಯಾಕ್‌ಟಾರ್ವಿ ಮನೆತನದ ಹನ್ನೊಂದು ತೂತುಗಳು

ಮ್ಯಾಕ್‌ಟಾರ್ವಿ ಮನೆತನದ ಅಧಿಕೃತ ಟಾರ್ಟನ್ ಬಟ್ಟೆಯಲ್ಲಿ ಕಡು ಹಸಿರು ಚೌಕಗಳು, ಕಪ್ಪು ಪಟ್ಟೆಗಳು, ಎರಡೆಳೆಯ ಹಳದಿ ಗೀಟು ಮತ್ತು ಹನ್ನೊಂದು ತೂತುಗಳು ಇರುತ್ತವೆ. ಇದು ಮನೆತನದ ಸಂಘದ ಸರ್ವಾನುಮತದ ತೀರ್ಮಾನ. ಹತ್ತು ತೂತಿನ ಬಟ್ಟೆಯನ್ನಾಗಲಿ, ಹನ್ನೆರಡು ತೂತಿನ ಬಟ್ಟೆಯನ್ನಾಗಲಿ, ತೂತೇ ಇಲ್ಲದ ಬಟ್ಟೆಯನ್ನಾಗಲಿ ಉಟ್ಟು ಬಂದವರನ್ನು ಸಂಘವು ಅತಿಥಿಗಳೆಂದು ಪರಿಗಣಿಸಿ, ಚಹಾ ಕೊಟ್ಟು, ಹಿಂದಿನ ಸಾಲಿನಲ್ಲಿ ಕೂರಿಸುತ್ತದೆ. ನಾನು ಈ ಸಂಘದ ಕಾರ್ಯದರ್ಶಿ. ನಡಾವಳಿ ಪುಸ್ತಕ ಹತ್ತೊಂಬತ್ತು ವರ್ಷಗಳಿಂದ ನನ್ನ ಕೈಯಲ್ಲಿದೆ. ಪಕ್ಕದ ಊರಿನವರು ಈಚೆಗೆ ನಮ್ಮ ತೂತುಗಳ ಬಗ್ಗೆ ಇಲ್ಲಸಲ್ಲದ್ದು ಆಡುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯವಾಗಿದೆ.

ಕಡಲಂಚಿನ ನಮ್ಮ ಊರು ಕಿಲ್‌ವೋರನ್‌ನಲ್ಲಿ ನೂರಾ ನಲವತ್ತು ಜನರಿದ್ದೇವೆ. ಪಾದ್ರಿಗಳು, ಅಂಚೆಯವಳು ಮತ್ತು ಬೇಸಿಗೆಗೆಂದು ಬಂದು, ವಾಪಸು ಹೋಗಲು ಮರೆತ ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ಮ್ಯಾಕ್‌ಟಾರ್ವಿಗಳೇ. ಎಲ್ಲರ ಮನೆತನದ ಹೆಸರೂ ಒಂದೇ ಆದಾಗ ಮನುಷ್ಯನನ್ನು ಅವನ ಕಸುಬಿನಿಂದಲೋ ಚಟದಿಂದಲೋ ಗುರುತಿಸಬೇಕಾಗುತ್ತದೆ. ಹಾಗಾಗಿ ನಾನು ಕಾಗದದ ಲಾಕ್ಲನ್. ನೇಯುವವಳು ಮಗ್ಗದ ಶೋನಾ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತನಾಗಿ ಬಂದವನು ಅಳತೆ ಮರ್ಡೋ. ಅವನು ನಮ್ಮ ಸಂಘದ ಟಾರ್ಟನ್ ಉಪಸಮಿತಿಯ ಅಧ್ಯಕ್ಷ. ಆ ಉಪಸಮಿತಿಯಲ್ಲಿ ಬೇರೆ ಸದಸ್ಯರಿಲ್ಲ.

ಸಂಘದ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯೊಂದಿದೆ. ಅದರೊಳಗೆ ಅಂಗೈ ಅಗಲದ ಹಳೆಯ ಬಟ್ಟೆಯ ತುಂಡು. ಇದನ್ನು ಮೂಲ ತುಂಡು ಎನ್ನುತ್ತೇವೆ. ಯುದ್ಧಕ್ಕೆ ಹೊರಟು, ಹುಲ್ಲು ಕೊಯ್ಲಿನ ನೆನಪಾಗಿ ಅರ್ಧ ದಾರಿಯಿಂದ ಹಿಂದಿರುಗಿದ ನಮ್ಮ ಹಿರಿಯನೊಬ್ಬನ ಹೊದಿಕೆಯ ತುಂಡು ಅದು. ಕಟ್ಟಳೆ ನಾಲ್ಕರ ಪ್ರಕಾರ, ಮೂಲ ತುಂಡಿಗೆ ಹೊಂದುವ ಬಟ್ಟೆ ಮ್ಯಾಕ್‌ಟಾರ್ವಿ ಟಾರ್ಟನ್. ಹೊಂದದ್ದು ಬರೀ ಬಟ್ಟೆ. ಕಟ್ಟಳೆ ಒಂಬತ್ತರ ಪ್ರಕಾರ, ಮೂಲ ತುಂಡನ್ನು ಯಾರೂ ಮುಟ್ಟತಕ್ಕದ್ದಲ್ಲ, ತೊಳೆಯತಕ್ಕದ್ದಲ್ಲ, ಹೊಲಿಯತಕ್ಕದ್ದಲ್ಲ.

ಪ್ರತಿ ಮೇ ತಿಂಗಳ ಮೊದಲ ಶನಿವಾರ, ಶೋನಾ ಆ ವರ್ಷ ನೇಯ್ದ ಬಟ್ಟೆಯನ್ನು ಮರ್ಡೋ ಭೂತಗನ್ನಡಿ ಹಿಡಿದು ಮೂಲ ತುಂಡಿನ ಪಕ್ಕದಲ್ಲಿಟ್ಟು ಎಳೆ ಎಳೆ ಎಣಿಸುತ್ತಾನೆ. ನಾನು ಬರೆದುಕೊಳ್ಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ಹೀಗೆ ಎಣಿಸುತ್ತಿದ್ದವನು ನಡುವೆ ನಿಲ್ಲಿಸಿದ.

"ತೂತು ಬಿದ್ದಿದೆ," ಎಂದ, ಗಾಜಿನಿಂದ ಕಣ್ಣು ತೆಗೆಯದೆ.

"ನುಸಿ ತಿಂದಿರ್ಬೇಕು," ಎಂದೆ.

"ಯಾರು ತಿಂದ್ರು ಅನ್ನೋದು ಮುಖ್ಯ ಅಲ್ಲ ಲಾಕ್ಲನ್. ಮೂಲ ತುಂಡಲ್ಲಿ ತೂತಿದೆ. ಶೋನಾ ಬಟ್ಟೇಲಿ ತೂತಿಲ್ಲ. ಎರಡೂ ಹೊಂದುತ್ತಾ?"

"ಹೊಂದಲ್ಲ."

"ಹಂಗಾದ್ರೆ ಬರ್ಕೊ."

ನಾನು ಅಷ್ಟನ್ನೂ ಬರೆದುಕೊಂಡೆ. ಯಾರು ತಿಂದರು ಎಂಬುದು ಮುಖ್ಯವಲ್ಲ ಎನ್ನುವುದನ್ನೂ ಸೇರಿಸಿ. ಕಾರ್ಯದರ್ಶಿಯಾದವನು ಆರಿಸಿ ಬರೆಯಬಾರದು.

ಮಾರನೆಯ ವಾರ ಸಭೆ ಸೇರಿತು. ನುಸಿಗುಳಿಗೆ ಇಡಬಹುದಲ್ಲ ಎಂದು ಯಾರೋ ಅಂದರು. ಪೆಟ್ಟಿಗೆಯೊಳಗೆ ಏನನ್ನೇ ಇಡಬೇಕಾದರೂ ಮನೆತನದ ಮುಖ್ಯಸ್ಥರ ಲಿಖಿತ ಒಪ್ಪಿಗೆ ಬೇಕು. ನಮ್ಮ ಮುಖ್ಯಸ್ಥರಿಗೆ ಇಲ್ಲಿನ ಮಳೆ ಒಗ್ಗುವುದಿಲ್ಲ, ಆದ್ದರಿಂದ ಅವರು ಪೋರ್ಚುಗಲ್ಲಿನಲ್ಲಿ ಗಾಲ್ಫ್ ಮೈದಾನವೊಂದರ ಪಕ್ಕ ಇರುತ್ತಾರೆ. ಪತ್ರ ಬರೆದೆ. ಎಂಟು ತಿಂಗಳಿಗೆ ಉತ್ತರ ಬಂತು. ಇಲ್ಲಿ ಬಿಸಿಲು ಚೆನ್ನಾಗಿದೆ, ಪರಂಪರೆಯನ್ನು ಬಿಡಬೇಡಿ ಎಂದಿತ್ತು. ಗುಳಿಗೆಯ ಪ್ರಸ್ತಾಪ ಇರಲಿಲ್ಲ. ಅಷ್ಟರಲ್ಲಿ ತೂತುಗಳು ನಾಲ್ಕಾಗಿದ್ದವು.

"ಮೂಲ ತುಂಡು ಹಾಳಾಗ್ತಿದೆ ಮರ್ಡೋ," ಎಂದೆ ಸಭೆಯಲ್ಲಿ.

ಅವನು ನನ್ನನ್ನು ಕರುಣೆಯಿಂದ ನೋಡಿದ. "ಮೂಲ ಹಾಳಾಗೋದು ಅಂದ್ರೇನು? ಯಾವುದಕ್ಕೆ ಹೋಲಿಸಿ ಹಾಳು ಅಂತೀಯ? ಮೂಲ ಹೇಗಿದ್ಯೋ ಅದೇ ಸರಿ. ಅದಕ್ಕೆ ಹೊಂದದೇ ಇರೋ ನಾವು ಹಾಳಾಗಿದೀವಿ."

ಇದಕ್ಕೆ ಉತ್ತರವೇನೆಂದು ನಾನು ಈಗಲೂ ಒಮ್ಮೊಮ್ಮೆ ಮಲಗಿ ಯೋಚಿಸುತ್ತೇನೆ. ಸಭೆಯು ಮುಂದಿನ ಬಟ್ಟೆಯನ್ನು ತೂತು ಸಹಿತ ನೇಯುವಂತೆ ಶೋನಾಗೆ ಆದೇಶ ಕಳಿಸಿತು. ಅವಳು ಆದೇಶವನ್ನು ಹಿಡಿದುಕೊಂಡೇ ಸಭಾಂಗಣಕ್ಕೆ ಬಂದಳು.

"ಐವತ್ತು ವರ್ಷ ಕಷ್ಟಪಟ್ಟು ತೂತಿಲ್ಲದ ಹಾಗೆ ನೇಯೋದು ಕಲ್ತೆ," ಎಂದಳು. "ಈಗ ತೂತು ನೇಯಿ ಅಂತೀರಿ. ಮೊದ್ಲು ನಿಮ್ಮ ತಲೇಲಿ ಎಷ್ಟಿದೆ ಅಂತ ಎಣಿಸ್ಕೊಳ್ಳಿ."

"ನಾಲ್ಕು," ಎಂದ ಮರ್ಡೋ, ಬಟ್ಟೆಯ ಲೆಕ್ಕ ಕೇಳುತ್ತಿದ್ದಾಳೆಂದುಕೊಂಡು.

"ಸರಿ. ನಾನೂ ಕಟ್ಟಳೆ ಪ್ರಕಾರನೇ ಕೇಳ್ತೀನಿ. ಚೌಕದ ಮೇಲೆ ಚೌಕ ಬರೋದೇ ಟಾರ್ಟನ್. ಮೂಲ ತುಂಡು ಒಂದು ಅಂಗೈ ಅಗಲ. ಅದರಲ್ಲಿ ನಾಲ್ಕು ತೂತು. ಸೊಂಟದಿಂದ ಮಂಡಿವರೆಗೆ ಸುತ್ತೋ ಒಂದು ಕಿಲ್ಟಿಗೆ ಎಂಟು ಗಜ ಬಟ್ಟೆ ಬೇಕು. ಪ್ರತಿ ಅಂಗೈಗೂ ನಾಲ್ಕು ತೂತು ಹಾಕ್ತಾ ಹೋದ್ರೆ ನಿಮ್ಮ ಗಂಡಸರು ಮೀನಿನ ಬಲೆ ಸುತ್ಕೊಂಡು ಮೆರವಣಿಗೆ ಹೋಗ್ಬೇಕಾಗುತ್ತೆ. ಹಾಕ್ಲಾ?"

ಮರ್ಡೋ ನಾಲ್ಕು ದಿನ ಮನೆಯಿಂದ ಹೊರಗೆ ಬರಲಿಲ್ಲ. ಐದನೆಯ ದಿನ ನಿರ್ಣಯ ಕೊಟ್ಟ: ತೂತುಗಳು ಬಟ್ಟೆಗೆ ಸಂಬಂಧಿಸಿದವಲ್ಲ, ವ್ಯಕ್ತಿಗೆ ಸಂಬಂಧಿಸಿದವು, ಒಬ್ಬರಿಗೆ ಒಂದು ಸಲ ಮಾತ್ರ, ಕಿಲ್ಟಿನ ಮುಂಭಾಗದಲ್ಲಿ, ಮೂಲದಲ್ಲಿರುವ ಅಂತರವನ್ನೇ ಕಾಯ್ದುಕೊಂಡು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ನಾಲ್ಕನೆಯ ತೂತು ಬೀಳುವ ಜಾಗದ ಬಗ್ಗೆ, ಕಿಲ್ಟಿನ ಕೆಳಗೆ ಏನನ್ನೂ ತೊಡದ ನಮ್ಮ ಪದ್ಧತಿಯ ಹಿನ್ನೆಲೆಯಲ್ಲಿ, ಮಹಿಳಾ ವಿಭಾಗದಿಂದ ಒಂದು ಆಕ್ಷೇಪಣೆ ಮತ್ತು ಎರಡು ಮೆಚ್ಚುಗೆ ಪತ್ರಗಳು ಬಂದವು. ಮೂರನ್ನೂ ಕಡತಕ್ಕೆ ಸೇರಿಸಲಾಗಿದೆ.

ಮೂರನೆಯ ವರ್ಷ ತೂತುಗಳು ಹನ್ನೊಂದಾದವು. ಅಲ್ಲಿಗೆ ನಿಂತವು. ಪರಿಪೂರ್ಣತೆ ಬಂದಿದೆ ಎಂದು ಮರ್ಡೋ ಘೋಷಿಸಿದ. ನುಸಿಗಳು ಸಭಾಂಗಣದ ಪಿಯಾನೋದೊಳಗಿನ ಉಣ್ಣೆಪಟ್ಟಿಗೆ ವಲಸೆ ಹೋಗಿವೆ, ಅದು ಹೆಚ್ಚು ಮೆತ್ತಗಿದೆ ಎಂದು ಶೋನಾ ಹೇಳಿದಳು. ಪಿಯಾನೋ ಸಂಗೀತ ಉಪಸಮಿತಿಗೆ ಸೇರಿದ್ದಾದ್ದರಿಂದ ನಾವು ಆ ವಿಷಯ ಚರ್ಚಿಸಲಿಲ್ಲ.

ಸುದ್ದಿ ಕಡಲಾಚೆಗೆ ಹೋಯಿತು. ಕೆನಡಾದಿಂದ, ನ್ಯೂಜಿಲೆಂಡಿನಿಂದ ಮ್ಯಾಕ್‌ಟಾರ್ವಿಗಳು ತಮ್ಮ ತಾತನ ಕಾಲದ ಕಿಲ್ಟುಗಳನ್ನು ಅಂಚೆಯಲ್ಲಿ ಕಳಿಸಿ ತೂತು ಮಾಡಿಸಿಕೊಂಡರು. ಇದಕ್ಕೆ ಸಂಘ ಶುಲ್ಕ ಇಟ್ಟಿತು. ಶುಲ್ಕದಲ್ಲಿ ಅರ್ಧ ಪೋರ್ಚುಗಲ್ಲಿಗೆ ಹೋಗತೊಡಗಿದ ಮೇಲೆ ಮುಖ್ಯಸ್ಥರು ಪತ್ರಗಳಿಗೆ ನಾಲ್ಕೇ ದಿನಗಳಲ್ಲಿ ಉತ್ತರ ಬರೆಯಲಾರಂಭಿಸಿದರು. ತೂತುಗಳ ಹಿಂದಿನ ಚರಿತ್ರೆ ಏನು ಎಂದು ಹೊರದೇಶದವರು ಕೇಳಿದಾಗ, ಮನೆತನಕ್ಕಾಗಿ ಮಡಿದ ಹನ್ನೊಂದು ವೀರರ ನೆನಪು ಎಂದು ಒಂದು ಕರಪತ್ರ ಮಾಡಿಕೊಡುವಂತೆ ನನಗೆ ತಿಳಿಸಲಾಯಿತು. ಹಳೆಯ ದಾಖಲೆಗಳಲ್ಲಿ ಹುಡುಕಿದೆ. ಹಾಗೆ ಅಕಾಲದಲ್ಲಿ ಸತ್ತವರು ನಾಲ್ವರು ಸಿಕ್ಕರು. ಇಬ್ಬರು ಕದ್ದು ಬಟ್ಟಿ ಇಳಿಸಿದ ವಿಸ್ಕಿ ಸಾಗಿಸುವಾಗ ಮುಳುಗಿದವರು, ಒಬ್ಬ ಪಕ್ಕದ ಮನೆಯ ಮಾಡಿನಿಂದ ಬಿದ್ದವನು, ಅಲ್ಲಿಗೆ ಏಕೆ ಹತ್ತಿದ್ದನೆಂದು ದಾಖಲೆ ಹೇಳುವುದಿಲ್ಲ. ಇನ್ನೊಬ್ಬನಿಗೆ ಹಂದಿ ಕಚ್ಚಿತ್ತು. ಉಳಿದ ಏಳು ವೀರರನ್ನು ಒಂದು ಗುರುವಾರ ಮಧ್ಯಾಹ್ನ ನಾನೇ ಬರೆದೆ. ಅವರಲ್ಲಿ ಒಬ್ಬನ ಹೆಸರನ್ನು ಈಗ ಮೂರು ಮಕ್ಕಳಿಗೆ ಇಟ್ಟಿದ್ದಾರೆ.

ಇಷ್ಟೂ ಆಗುವಾಗ ಯಾರಿಗೂ ಏನೂ ನೋವಾಗಿರಲಿಲ್ಲ ಎನ್ನುವುದನ್ನು ಓದುಗರು ಗಮನಿಸಬೇಕು. ತೊಡೆಗೆ ಸ್ವಲ್ಪ ಗಾಳಿ ಹೆಚ್ಚು ತಾಗುತ್ತಿತ್ತು, ಅಷ್ಟೇ. ಆಮೇಲೆ ಏಳು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಸೋಮವಾರ, ದೋಣಿ ರೂರಿ ತೀರಿಕೊಂಡ.

ರೂರಿ ನನ್ನ ಗೆಳೆಯ. ಚಿಕ್ಕಂದಿನಿಂದ ಒಟ್ಟಿಗೆ ಮೀನು ಹಿಡಿದವರು ನಾವು. ಊರಿನಲ್ಲಿ ಯಾರು ಸತ್ತರೂ ಪೆಟ್ಟಿಗೆಯನ್ನು ಹಿರಿಯರ ದ್ವೀಪಕ್ಕೆ ಸಾಗಿಸುತ್ತಿದ್ದವನು ಅವನೇ. ನಮ್ಮವರನ್ನೆಲ್ಲ ಹೂಳುವುದು ಆ ದ್ವೀಪದಲ್ಲಿ. ಅಲ್ಲಿ ಒಂದು ಗಿಡ್ಡ ಕಲ್ಲುಗೋಡೆ ಇದೆ. ಗೋಡೆಯ ಒಳಗೆ ಹಿರಿಯರ ಸಾಲು. ಗೋಡೆಯಾಚೆ ಅತಿಥಿಗಳ ಸಾಲು; ಅಲ್ಲಿ ಕಡಲು ತಂದು ಹಾಕಿದ ಹೆಸರಿಲ್ಲದ ನಾವಿಕರೂ, ತಪ್ಪು ದಿನ ನಮ್ಮೂರಿಗೆ ಬಂದ ಒಬ್ಬ ವಿಮಾ ಏಜೆಂಟನೂ ಮಲಗಿದ್ದಾರೆ. ಕಟ್ಟಳೆ ಇಪ್ಪತ್ತೆರಡರ ಪ್ರಕಾರ, ಗೋಡೆಯ ಒಳಗೆ ಮಲಗುವ ಗಂಡಸು ಅಧಿಕೃತ ಟಾರ್ಟನ್ನಿನಲ್ಲಿರತಕ್ಕದ್ದು. ಇಲ್ಲದಿದ್ದರೆ ಅವನು ಅತಿಥಿ.

ರೂರಿಯ ಹೆಂಡತಿ ಎಫಿ. ಅವರ ಒಬ್ಬಳೇ ಮಗಳು ಮೂರು ತಿಂಗಳ ಕೂಸಾಗಿದ್ದಾಗ ಹೋದಳು. ಗೋಡೆಯ ಒಳಗೆ, ಮೂಲೆಯಲ್ಲಿ, ಒಂದು ಮೊಳ ಎತ್ತರದ ಕಲ್ಲಿನ ಕೆಳಗಿದ್ದಾಳೆ. ಅದರ ಪಕ್ಕದ ಜಾಗ ರೂರಿಯದು ಎಂದು ಅವನೇ ನಲವತ್ತು ವರ್ಷಗಳ ಹಿಂದೆ ಗುದ್ದಲಿಯಿಂದ ಗೆರೆ ಹಾಕಿ ಬಂದಿದ್ದ.

ಮಂಗಳವಾರ ಬೆಳಿಗ್ಗೆ ಮರ್ಡೋ ಮತ್ತು ನಾನು ಪರಿಶೀಲನೆಗೆ ಎಫಿಯ ಮನೆಗೆ ಹೋದೆವು. ರೂರಿ ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗಿದ್ದ. ಕಿಲ್ಟು ಕುರ್ಚಿಯ ಬೆನ್ನಿನ ಮೇಲಿತ್ತು. ಅವನ ತಾಯಿ ನೇಯ್ದದ್ದು, ಅವನ ಮದುವೆಗೆಂದು. ನಿನ್ನೆ ಮಗ್ಗದಿಂದ ಇಳಿಸಿದ ಹಾಗಿತ್ತು. ಮರ್ಡೋ ಭೂತಗನ್ನಡಿ ಹಿಡಿದು ಬಗ್ಗಿದ. ಹತ್ತು ನಿಮಿಷ ನೋಡಿದ. ತಿರುಗಿಸಿ ಇನ್ನೂ ಹತ್ತು ನಿಮಿಷ ನೋಡಿದ.

"ಸೊನ್ನೆ," ಎಂದ.

"ಇರಲ್ಲ," ಎಂದಳು ಎಫಿ. "ನಲವತ್ಮೂರು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲೂ ಹೊರಗೆ ಹಾಕಿ, ಕೊಡವಿ, ನುಸಿಗುಳಿಗೆ ಇಟ್ಟು, ಕಾಗದ ಸುತ್ತಿ ಇಟ್ಟಿದೀನಿ. ಒಂದು ನುಸಿ ಹತ್ರ ಸುಳಿದಿಲ್ಲ."

"ಅದೇ ತಪ್ಪಾಗಿದ್ದು," ಎಂದ ಮರ್ಡೋ. ಅವನ ದನಿಯಲ್ಲಿ ನಿಜವಾದ ಬೇಸರವಿತ್ತು.

"ತೂತು ಮಾಡಿಸ್ಕೊಳ್ಳಿ ಅಂತ ಎಷ್ಟು ನೋಟಿಸ್ ಕಳಿಸಿದ್ದೆ ಎಫಿ," ಎಂದೆ ನಾನು.

"ಬಂದಿದ್ವು. ರೂರಿ ಅದ್ರಲ್ಲಿ ಒಲೆ ಹಚ್ತಿದ್ದ. ಚೆನ್ನಾಗಿ ಹತ್ಕೊಳ್ತವೆ ನಿನ್ನ ಕಾಗದ, ಲಾಕ್ಲನ್."

ಕತ್ತರಿಯಿಂದ ಹನ್ನೊಂದು ತೂತು ಹಾಕಿದರೆ ಒಂದು ಗಂಟೆಯ ಕೆಲಸ ಎಂದು ನಾನು ಮೆಲ್ಲಗೆ ಹೇಳಿದೆ. ಎಫಿ ಎದ್ದು, ಮೇಜಿನ ಖಾನೆಯಿಂದ ಕತ್ತರಿ ತೆಗೆದು, ನನ್ನ ಮುಂದಿಟ್ಟಳು.

"ಹಾಕು," ಎಂದಳು. "ನಮ್ಮತ್ತೆ ನೇಯ್ದಿದ್ದು. ನಾನು ಕಾಪಾಡಿದ್ದು. ಅವನು ಅಲ್ಲೇ ಮಲಗಿದಾನೆ, ನೋಡ್ತಿರ್ತಾನೆ. ಹಾಕು ನೋಡೋಣ."

ನಾನು ಕತ್ತರಿ ಮುಟ್ಟಲಿಲ್ಲ. ನನಗೆ ನಾಚಿಕೆಯಾಯಿತು. ಆಗ ಎಫಿ ಮರ್ಡೋನ ಕಡೆ ತಿರುಗಿದಳು.

"ನಿಮ್ಮಪ್ಪನ್ನ ದ್ವೀಪಕ್ಕೆ ಕರ್ಕೊಂಡು ಹೋದೋನು ಯಾರು ಮರ್ಡೋ?"

"ರೂರಿ."

"ನಿಮ್ಮಮ್ಮನ್ನ?"

"ರೂರಿನೇ. ಅವತ್ತು ಗಾಳಿ ಜೋರಿತ್ತು. ಬೇರೆ ಯಾರೂ ಹೊರಡ್ತಿರ್ಲಿಲ್ಲ."

"ಈಗ ಅವನು ವಿಮಾ ಏಜೆಂಟನ ಪಕ್ಕ ಮಲಗ್ಬೇಕಾ? ಮಗು ಆ ಕಡೆ, ಅವನು ಈ ಕಡೆ, ನಡುವೆ ಗೋಡೆ?"

ಮರ್ಡೋ ನೆಲ ನೋಡಿದ. "ನಮ್ಮಪ್ಪನ ಬಟ್ಟೇಲಿ ತೂತಿರ್ಲಿಲ್ಲ ಎಫಿ. ಆಗ ಮೂಲ ತುಂಡಲ್ಲೂ ಇರ್ಲಿಲ್ಲ. ಎರಡೂ ಹೊಂದ್ತಿತ್ತು. ನಾನೇನು ಮಾಡ್ಲಿ? ನಾನು ಎಣಿಸೋನು ಅಷ್ಟೇ."

ದ್ವೀಪದ ದಡಕ್ಕೆ ದೋಣಿ ತಾಗುವುದು ದೊಡ್ಡ ಉಬ್ಬರದ ದಿನ ಮಾತ್ರ. ಆ ದಿನ ಶುಕ್ರವಾರ. ತಪ್ಪಿದರೆ ಮುಂದಿನದಕ್ಕೆ ಎರಡು ವಾರ ಕಾಯಬೇಕು, ರೂರಿ ಕಾಯುವ ಸ್ಥಿತಿಯಲ್ಲಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ತುರ್ತು ಸಭೆ ಕರೆದೆ. ಮುಖ್ಯಸ್ಥರು ಊರಲ್ಲಿಲ್ಲದಾಗ ಸಭೆಯ ಅಧ್ಯಕ್ಷತೆಯನ್ನು ಅವರ ಖಾಲಿ ಕುರ್ಚಿ ವಹಿಸುತ್ತದೆ. ಅದರ ಮೇಲೆ ಅವರ ಟೋಪಿ ಇಡುತ್ತೇವೆ. ಎಫಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಚಹಾ ಕೊಡಲಾಯಿತು. ಅವಳು ಅದನ್ನು ಕುಡಿಯಲಿಲ್ಲ.

ಅದಕ್ಕೂ ಮುಂಚೆ ಎರಡು ದಿನ ನಾನು ಕಟ್ಟಳೆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ಓದಿದ್ದೆ. ನನಗೆ ಬೇರೇನೂ ಮಾಡಲು ಬರುವುದಿಲ್ಲ. ದೋಣಿ ನಡೆಸಲು ಬರುವುದಿಲ್ಲ, ಹೆಂಗಸರನ್ನು ಸಮಾಧಾನ ಮಾಡಲು ಬರುವುದಿಲ್ಲ. ಪುಸ್ತಕದಲ್ಲಿ ಕಟ್ಟಳೆ ಹದಿನೇಳು ಸಿಕ್ಕಿತು. ಅದು ಮಗ್ಗದ ಮೇಲಿರುವ, ಇನ್ನೂ ಮುಗಿಯದ ಬಟ್ಟೆಯ ಬಗ್ಗೆ. ಅಂಥ ಬಟ್ಟೆಗೆ, ಬಾಕಿ ಕೆಲಸ ಸರಿಯಾದ ಜಾಗದಲ್ಲಿ ನಡೆಯುತ್ತಿದ್ದರೆ, ಒಂದು ವರ್ಷದ ಅವಧಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡಬಹುದು. ತಾತ್ಕಾಲಿಕವಾದರೂ ಅಧಿಕೃತವೇ.

"ರೂರಿ ಕಿಲ್ಟು ಇನ್ನೂ ಮುಗಿದಿಲ್ಲ," ಎಂದೆ ಸಭೆಗೆ. "ತೂತಿನ ಕೆಲಸ ಬಾಕಿ ಇದೆ. ಅದು ದ್ವೀಪದಲ್ಲಿ ಆಗುತ್ತೆ. ಒಳಗೆ ಹೋದ್ಮೇಲೆ."

ಒಳಗೆ ಎಂದರೆ ಎಲ್ಲಿಯ ಒಳಗೆ ಎಂಬುದು ಒಬ್ಬೊಬ್ಬರಿಗೇ ಹೊಳೆಯತೊಡಗಿತು.

"ಮಾಡೋರು ಯಾರು?" ಎಂದ ಮರ್ಡೋ.

"ಅಲ್ಲಿರೋ ಹುಳಗಳು."

"ನುಸಿ ಬೇರೆ, ಮಣ್ಣುಹುಳ ಬೇರೆ. ಮೂಲದ ತೂತು ನುಸಿದು."

ಮೂಲೆಯಿಂದ ಶೋನಾ ಎದ್ದಳು. "ನುಸಿ ತಿಂದಿದ್ದು ನೀನು ನೋಡಿದ್ಯಾ ಮರ್ಡೋ? ಪುಸ್ತಕದಲ್ಲಿ ಹಾಗಂತ ಇದ್ಯಾ? ಲಾಕ್ಲನ್, ಮೊದಲನೇ ತೂತಿನ ದಿನದ್ದು ತೆಗೆದು ಓದಪ್ಪ."

ನಾನು ತೆಗೆದೆ. ಓದಿದೆ. ಟಾರ್ಟನ್ ಉಪಸಮಿತಿಯ ಅಧ್ಯಕ್ಷರು ಹೇಳಿದ್ದು: ಯಾರು ತಿಂದರು ಎಂಬುದು ಮುಖ್ಯವಲ್ಲ.

ಮರ್ಡೋ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ತನ್ನ ಮಾತನ್ನು ತಾನೇ ಎರಡು ಸಲ ಓದಿಕೊಂಡ. ಆ ಕ್ಷಣ ಅವನ ಮುಖದಲ್ಲಿ ಒಂದು ದೊಡ್ಡ ಹೊರೆ ಇಳಿದದ್ದನ್ನು ನಾನು ನೋಡಿದೆ. ಆದರೂ ಅವನು ಅವನೇ.

"ಹನ್ನೊಂದಕ್ಕೆ ನಿಲ್ಲಿಸ್ತಾವೆ ಅಂತ ಏನು ಗ್ಯಾರಂಟಿ?" ಎಂದ.

"ಇಲ್ಲ," ಎಂದೆ. "ಅದಕ್ಕೇ ಕಟ್ಟಳೆಯಲ್ಲಿ ವರ್ಷಕ್ಕೊಂದು ತಪಾಸಣೆ ಇಟ್ಟಿರೋದು."

ಕೆಳಗಿನ ನಿರ್ಣಯವನ್ನು ಖಾಲಿ ಕುರ್ಚಿಯ ಅನುಮತಿಯೊಂದಿಗೆ ಅಂಗೀಕರಿಸಲಾಯಿತು:

"ದಿವಂಗತ ದೋಣಿ ರೂರಿ ಮ್ಯಾಕ್‌ಟಾರ್ವಿ ಅವರು ಧರಿಸಲಿರುವ ಕಿಲ್ಟಿನಲ್ಲಿ ಹನ್ನೊಂದು ತೂತುಗಳ ಕೆಲಸ ಬಾಕಿ ಇರುವುದನ್ನು ಸಭೆಯು ಗಮನಿಸಿದೆ. ಸದರಿ ಕೆಲಸವನ್ನು ಹಿರಿಯರ ದ್ವೀಪದಲ್ಲಿ, ಗೋಡೆಯ ಒಳಭಾಗದಲ್ಲಿ, ಭೂಮಟ್ಟದಿಂದ ಆರಡಿ ಕೆಳಗೆ, ಅಲ್ಲಿಗೆ ಸಂಬಂಧಪಟ್ಟ ಹುಳಗಳ ಮೂಲಕ ಪೂರೈಸತಕ್ಕದ್ದು. ಹುಳಗಳಿಗೆ ಈ ಬಗ್ಗೆ ಪ್ರತ್ಯೇಕ ಆದೇಶ ನೀಡುವ ಅಗತ್ಯವಿರುವುದಿಲ್ಲ. ಧರಿಸಿದವರು ಪ್ರತಿ ವರ್ಷ ಕಿಲ್ಟನ್ನು ಖುದ್ದಾಗಿ ಎದ್ದು ನಿಂತು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಹಾಜರಾಗದಿದ್ದಲ್ಲಿ ಪ್ರಮಾಣಪತ್ರವು ಇನ್ನೊಂದು ವರ್ಷಕ್ಕೆ ವಿಸ್ತರಣೆಯಾಗತಕ್ಕದ್ದು."

ಪ್ರಮಾಣಪತ್ರದ ಅರ್ಜಿಯ ಕೊನೆಯಲ್ಲಿ ಧರಿಸಿದವರ ಸಹಿ ಎಂದಿತ್ತು. ಅದನ್ನು ಖಾಲಿ ಬಿಡುವಂತಿಲ್ಲ ಎಂದ ಮರ್ಡೋ.

"ಅವನು ಇಡೀ ಜನ್ಮದಲ್ಲಿ ಸಹಿ ಹಾಕಿದ್ದು ಎರಡೇ ಸಲ," ಎಂದಳು ಎಫಿ. "ಒಂದು ನಮ್ಮ ಮದುವೆಗೆ, ಇನ್ನೊಂದು ದೋಣಿ ತಗೊಳ್ಳುವಾಗ. ದೋಣಿದು ಮಾತ್ರ ಓದಿ ಹಾಕಿದ್ದ. ಕೊಡು ಇಲ್ಲಿ, ನಾನೇ ಹಾಕ್ತೀನಿ. ಮುಂದಿನ ವರ್ಷ ಬಂದು ಅವನನ್ನ ಎಬ್ಬಿಸಿ ನಿಲ್ಲಿಸ್ಕೊ ಮರ್ಡೋ. ನಾನು ನಲವತ್ಮೂರು ವರ್ಷ ಬೆಳಿಗ್ಗೆ ಎಬ್ಬಿಸಿ ಸೋತಿದೀನಿ."

ಶುಕ್ರವಾರ ಅವನದೇ ದೋಣಿಯಲ್ಲಿ ಅವನನ್ನು ಕರೆದೊಯ್ದೆವು. ಆ ದಾರಿಯಲ್ಲಿ ದೋಣಿ ನಡೆಸಿ ಅಭ್ಯಾಸವಿರುವವರು ಯಾರೂ ಇರಲಿಲ್ಲ, ಏಕೆಂದರೆ ಈವರೆಗೆ ಅಭ್ಯಾಸ ಬೇಕಾಗಿರಲಿಲ್ಲ. ಎರಡು ಸಲ ಬಂಡೆಗೆ ತಾಗಿಸಿದೆವು. ಅವನಿದ್ದಿದ್ದರೆ ಏನೇನು ಬೈಗುಳ ಬೀಳುತ್ತಿತ್ತೆಂದು ನೆನೆದು ಎಲ್ಲರೂ ನಕ್ಕರು, ನಾನು ಮಾತ್ರ ಅತ್ತೆ. ಮಳೆ ಬರುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮರ್ಡೋ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯೊಳಗಿಟ್ಟುಕೊಂಡಿದ್ದ. ಗೋಡೆಯ ಒಳಗೆ, ಚಿಕ್ಕ ಕಲ್ಲಿನ ಪಕ್ಕದಲ್ಲಿ ರೂರಿಯನ್ನು ಇಳಿಸಿದೆವು. ಕಿಲ್ಟಿನಲ್ಲಿ ಒಂದೂ ತೂತಿರಲಿಲ್ಲ, ಎಲ್ಲವೂ ಕ್ರಮಬದ್ಧವಾಗಿತ್ತು.

ಅದಾದ ತಿಂಗಳಲ್ಲೇ ಊರಿನ ಹದಿನಾಲ್ಕು ಮಂದಿ ತಮ್ಮ ಕಿಲ್ಟುಗಳ ತೂತುಗಳನ್ನು ಶೋನಾಳಿಂದ ಹೊಲಿಸಿಕೊಂಡು, ಬಾಕಿ ಕೆಲಸವನ್ನು ದ್ವೀಪದಲ್ಲೇ ಮಾಡಿಸಿಕೊಳ್ಳುತ್ತೇವೆಂದು ಮುಂಗಡ ಅರ್ಜಿ ಹಾಕಿದರು. ತೂತು ಹಾಕಿದ್ದಕ್ಕೂ ದುಡ್ಡು ಕೊಟ್ಟರು, ಮುಚ್ಚಿದ್ದಕ್ಕೂ ಕೊಟ್ಟರು. ಇದಕ್ಕೂ ಸಂಘ ಶುಲ್ಕ ಇಟ್ಟಿದೆ. ಮುಖ್ಯಸ್ಥರು ಪೋರ್ಚುಗಲ್ಲಿನಿಂದ ಅಭಿನಂದನೆ ತಿಳಿಸಿ, ತಮಗೂ ಒಂದು ಅರ್ಜಿ ನಮೂನೆ ಕಳಿಸಲು ಕೋರಿದ್ದಾರೆ.

ವಾರ್ಷಿಕ ತಪಾಸಣೆ ಮೇ ತಿಂಗಳ ದೊಡ್ಡ ಉಬ್ಬರದ ದಿನ ನಡೆಯುತ್ತದೆ. ಏಳು ದಿನ ಮುಂಚೆ ರೂರಿಯ ಹೆಸರಿಗೆ ನೋಟಿಸ್ ಹೋಗುತ್ತದೆ. ಎಫಿ ಅದನ್ನು ಸಹಿ ಮಾಡಿ ತೆಗೆದುಕೊಳ್ಳುತ್ತಾಳೆ. ಬಂಡೆಗೆ ತಾಗಿದ ರೂರಿಯ ದೋಣಿ ಆಮೇಲೆ ಕಡಲಿಗಿಳಿಯಲಿಲ್ಲ, ಊರಿನಲ್ಲಿ ದ್ವೀಪಕ್ಕೆ ಹೋಗುವ ದೋಣಿ ಬೇರೆ ಇಲ್ಲ. ಸತ್ತವರನ್ನು ಸಾಗಿಸಲು ಪಕ್ಕದ ಊರಿನಿಂದ ಬಾಡಿಗೆಗೆ ತರಿಸುತ್ತೇವೆ, ಬದುಕಿರುವವರನ್ನು ಅವರು ಹತ್ತಿಸಿಕೊಳ್ಳುವುದಿಲ್ಲ. ತಪಾಸಣೆಯ ದಿನ ಮಾತ್ರ ಸಂಘದ ಖರ್ಚಿನಲ್ಲಿ ಒಂದು ದೋಣಿ ಬರುತ್ತದೆ. ಅದರಲ್ಲಿ ಮರ್ಡೋ, ನಾನು, ಶೋನಾ ಮತ್ತು ಧರಿಸಿದವರ ಪರವಾಗಿ ಎಫಿ ಹೋಗುತ್ತೇವೆ. ಎಫಿ ಮಡಚುವ ಕುರ್ಚಿ, ಚಹಾದ ಫ್ಲಾಸ್ಕು, ಡಬ್ಬಿ ತುಂಬ ಸ್ಕೋನ್ ಬನ್ನು ತರುತ್ತಾಳೆ. ಚಿಕ್ಕ ಕಲ್ಲನ್ನು ತೊಳೆಯಲು ಒಂದು ಬ್ರಶ್ ಕೂಡ.

ಈ ವರ್ಷದ್ದು ಏಳನೆಯ ತಪಾಸಣೆ. ಮರ್ಡೋಗೆ ಈಗ ಮಂಡಿ ನೋವು, ಗೋಡೆ ದಾಟಲು ನಾನು ಕೈ ಕೊಡಬೇಕಾಯಿತು. ರೂರಿಯ ಕಲ್ಲಿನ ಮುಂದೆ ನೆಟ್ಟಗೆ ನಿಂತು, ಟೋಪಿ ತೆಗೆದು, ಅವನು ನೋಟಿಸನ್ನು ಕಟ್ಟಳೆಯಂತೆ ಮೂರು ಸಲ ಗಟ್ಟಿಯಾಗಿ ಓದಿದ.

"ದೋಣಿ ರೂರಿ ಮ್ಯಾಕ್‌ಟಾರ್ವಿ, ತಾವು ಧರಿಸಿರುವ ಕಿಲ್ಟನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು."

ಉತ್ತರಕ್ಕಾಗಿ ಹದಿನೈದು ನಿಮಿಷ ಕಾಯಬೇಕೆಂದು ನಿಯಮವಿದೆ. ಕಾದೆವು. ಗಾಳಿ ಬೀಸುತ್ತಿತ್ತು, ಕಡಲಹಕ್ಕಿಗಳು ಕೂಗುತ್ತಿದ್ದವು. ಎಫಿ ಚಿಕ್ಕ ಕಲ್ಲನ್ನು ತೊಳೆದು ಮುಗಿಸಿ, ದೊಡ್ಡ ಕಲ್ಲಿನ ಮೇಲೆ ಕೈಯಿಟ್ಟು ಬಗ್ಗಿದಳು. ನಮಗೆ ಕೇಳಿಸುವುದಿಲ್ಲ ಎಂದುಕೊಂಡಿರಬೇಕು.

"ಉತ್ತರ ಕೊಡ್ಬೇಡ ಕಣೋ ರೂರಿ," ಎಂದಳು. "ಕೊಟ್ರೆ ಮುಂದಿನ ವರ್ಷ ಇವರು ದೋಣಿ ತರಿಸಲ್ಲ."

ಮರ್ಡೋಗೂ ಕೇಳಿಸಿತು. ಅವನು ಗಡಿಯಾರ ನೋಡಿ, ಇನ್ನೂ ಎರಡು ನಿಮಿಷ ಇದೆ ಎಂದ. ಆ ಎರಡು ನಿಮಿಷವನ್ನೂ ಕಾದು, ಟೋಪಿ ಹಾಕಿಕೊಂಡು, ನನ್ನ ಕಡೆ ತಿರುಗಿದ.

"ಧರಿಸಿದವರು ಹಾಜರಿಲ್ಲ. ಒಂದು ವರ್ಷ ವಿಸ್ತರಿಸಿದೆ. ಬರ್ಕೊ ಲಾಕ್ಲನ್."

ಬರೆದುಕೊಂಡೆ. ಆಮೇಲೆ ಎಫಿ ಎಲ್ಲರಿಗೂ ಚಹಾ ಬಗ್ಗಿಸಿದಳು.